ಮಂಗ ಸತ್ತಿದೆ, ವರದಿ ಬಂದಿಲ್ಲ

ಅಡಿಕೆ ಕೊಯ್ಲು ಮುಗಿಯುತ್ತಾ ಬಂದ ಹೊತ್ತಿಗೆ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಒಂದು ಮಾತು ಕೇರಿಯಿಂದ ಕೇರಿಗೆ ಹಬ್ಬುತ್ತದೆ: ‘ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆಯಂತೆ.’ ಸೊಪ್ಪಿಗೆ ಹೋದವರು ಯಾರೋ ನೋಡಿರುತ್ತಾರೆ. ಆಶಾ ಕಾರ್ಯಕರ್ತೆಗೆ ಫೋನ್ ಹೋಗುತ್ತದೆ, ಅವರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಪಶುವೈದ್ಯರಿಗೆ, ಅರಣ್ಯ ಇಲಾಖೆಗೆ. ಮಂಗ ಯಾತರಿಂದ ಸತ್ತಿತು? ಕರೆಂಟ್ ತಂತಿ ಹಿಡಿದು ಸತ್ತಿರಬಹುದು, ನಾಯಿ ಕಚ್ಚಿರಬಹುದು, ವಯಸ್ಸಾಗಿರಬಹುದು. ಮಂಗನ ಕಾಯಿಲೆಯೂ ಇರಬಹುದು. ಮಾದರಿ ಪರೀಕ್ಷೆಗೆ ಹೋಗಿ ವರದಿ ಬರಲು ದಿನಗಳು ಬೇಕು. ಹೆಣ ಕೊಳೆತುಹೋಗಿದ್ದರೆ ಪರೀಕ್ಷೆ ಮಾಡಲೂ ಆಗದು. ಆದರೆ ನಾಳೆ ಬೆಳಗಾದರೆ ಅದೇ ಕಾಲುದಾರಿಯಲ್ಲಿ ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತರಲು, ಒಲೆಗೆ ಸೌದೆ ತರಲು ಹೋಗುವವರಿದ್ದಾರೆ.

ಇಷ್ಟು ಮಾತ್ರ ಗೊತ್ತಿರುವಾಗ ಏನು ಮಾಡಬೇಕು? ಆರೋಗ್ಯ ಕೇಂದ್ರದ ವೈದ್ಯರಿಗೂ ದೇಶದ ಪ್ರಧಾನಿಗೂ ಸಾಂಕ್ರಾಮಿಕದ ಕಾಲದಲ್ಲಿ ಎದುರಾಗುವ ಪ್ರಶ್ನೆ ಇದೊಂದೇ. ಪೂರ್ತಿ ಗೊತ್ತಾಗುವವರೆಗೆ ಕಾದರೆ ಹೊತ್ತು ಮೀರುತ್ತದೆ. ಗೊತ್ತಾಗುವ ಮೊದಲೇ ಹೊರಟರೆ ತಪ್ಪು ದಾರಿ ಹಿಡಿಯಬಹುದು. ದೊಡ್ಡ ಉದಾಹರಣೆಗಳಿಗೆ ಹೋಗುವ ಮೊದಲು ಸತ್ತ ಮಂಗದ ಹತ್ತಿರವೇ ಸ್ವಲ್ಪ ನಿಲ್ಲೋಣ. ಲೆಕ್ಕದ ತಿರುಳೆಲ್ಲ ಅಲ್ಲೇ ಇದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸತ್ತವು. ಸುತ್ತಲ ಊರಿನ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು, ಏಕೆಂದರೆ ಮಂಗಗಳನ್ನು ಹಾಗೆ ಕೊಲ್ಲುವುದು ಆ ರೋಗವೆಂದೇ ಆಗ ಗೊತ್ತಿದ್ದದ್ದು. ಸಿಕ್ಕಿದ್ದು ಜಗತ್ತಿಗೇ ಹೊಸದಾದ ವೈರಸ್, ಮಂಗನ ಕಾಯಿಲೆಯದ್ದು. ಹರಡುವುದು ಉಣುಗಿನಿಂದ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಆಮೇಲೆ ಅಲ್ಲಿ ಕಾಲಿಡುವವರ ಮೈಗೆ ಹತ್ತುತ್ತವೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ಇದು ದಾಟುವುದಿಲ್ಲ, ಅದೊಂದು ಪುಣ್ಯ.

ಈಗ ವೈದ್ಯರ ಮುಂದೆ ಎರಡು ಬಗೆಯ ತಪ್ಪು ಇವೆ. ಕಾಯಿಲೆ ಇಲ್ಲದ ಮಂಗಕ್ಕೆ ಕಾಯಿಲೆ ಇದೆಯೆಂದು ಓಡಾಡುವುದು ಒಂದು. ಅದರ ಬೆಲೆ ಉಣುಗು ಕೊಲ್ಲುವ ಒಂದಿಷ್ಟು ಮೆಲಾಥಿಯಾನ್ ಪುಡಿ, ನಾಲ್ಕು ಜನರ ಒಂದು ದಿನದ ಕೆಲಸ, ಊರವರ ಸ್ವಲ್ಪ ಗಾಬರಿ. ಕಾಯಿಲೆ ಇದ್ದ ಮಂಗವನ್ನು ‘ಏನೂ ಇಲ್ಲ’ ಎಂದು ಬಿಟ್ಟುಬಿಡುವುದು ಇನ್ನೊಂದು. ಅದರ ಬೆಲೆ ದರಗು ತರಲು ಹೋದ ಒಬ್ಬಾಕೆಯ ಜೀವ ಇರಬಹುದು. ಮಂಗಕ್ಕೆ ಕಾಯಿಲೆ ಇದ್ದಿರುವ ಸಾಧ್ಯತೆ ಹತ್ತರಲ್ಲಿ ಒಂದೇ ಇದ್ದರೂ ಪುಡಿ ಹೊಡೆಯುವುದೇ ಸರಿ. ಆದ್ದರಿಂದಲೇ ನಿಯಮ ವರದಿಗೆ ಕಾಯುವುದಿಲ್ಲ: ಹೆಣ ಸುಡು, ಬಿದ್ದ ಜಾಗದ ಸುತ್ತ 50 ಮೀಟರ್ ಪುಡಿ ಹೊಡೆ, ಜನ ಅತ್ತ ಹೋಗದಂತೆ ನೋಡಿಕೊ. ವರದಿ ‘ಇಲ್ಲ’ ಎಂದು ಬಂದರೆ ಆ ವೈದ್ಯರು ತಪ್ಪು ಮಾಡಿದರು ಎಂದು ಯಾರೂ ಹೇಳಬಾರದು. ನಿರ್ಧಾರ ತೂಗಬೇಕಾದದ್ದು ಅದನ್ನು ತೆಗೆದುಕೊಂಡ ದಿನ ಕೈಯಲ್ಲಿದ್ದ ಮಾಹಿತಿಯಿಂದ. ಆಮೇಲೆ ಬಂದ ಫಲಿತಾಂಶದಿಂದ ತೂಗಿದರೆ ಮುಂದಿನ ಸಲ ಎಲ್ಲರೂ ವರದಿಗೆ ಕಾಯುತ್ತಾ ಕೂರುತ್ತಾರೆ.

ಇದರಲ್ಲಿ ಇನ್ನೊಂದು ಜಾಣತನವಿದೆ. ಏನಾದರೆ ಏನು ಮಾಡಬೇಕು ಎನ್ನುವುದು ಮಂಗ ಸಾಯುವ ಮೊದಲೇ, ತಲೆ ತಣ್ಣಗಿದ್ದಾಗಲೇ ತೀರ್ಮಾನವಾಗಿದೆ. ಗಾಬರಿಯ ಗಳಿಗೆಯಲ್ಲಿ ಸಭೆ ಕರೆದು ಚರ್ಚಿಸುವ ಕೆಲಸ ಉಳಿದಿಲ್ಲ.

ಆದರೆ ಇದು ಸುಲಭದ ಲೆಕ್ಕ. ಮುನ್ನೆಚ್ಚರಿಕೆ ಅಗ್ಗ, ಅಲಕ್ಷ್ಯ ದುಬಾರಿ. ಎರಡೂ ತಪ್ಪುಗಳು ದುಬಾರಿಯಾದಾಗ ಏನು?

ಅದಕ್ಕೆ ಅಮೆರಿಕದ 1976ರ ಹಂದಿಜ್ವರದ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆ ವರ್ಷದ ಜನವರಿಯಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ನೆಲೆಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಜ್ವರ ಬಂತು. ಫೆಬ್ರವರಿ 4ರಂದು ಒಬ್ಬ ಸತ್ತ. ಪರೀಕ್ಷೆಯಲ್ಲಿ ಕಂಡದ್ದು ಹಂದಿಗಳ ಫ್ಲೂ ವೈರಸ್, 1918ರ ಮಹಾಮಾರಿಯ ವೈರಸ್ಸಿಗೆ ಹತ್ತಿರದ ಸಂಬಂಧಿ. 1918 ಎಂದರೆ ಭಾರತ ಒಂದರಲ್ಲೇ ಕೋಟಿಗೂ ಮೀರಿ ಜನ ಸತ್ತ ವರ್ಷ. ನೆಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತೆಂದು ರಕ್ತಪರೀಕ್ಷೆ ತೋರಿಸಿತು. ಆದರೆ ನೆಲೆಯ ಬೇಲಿ ದಾಟಿ ಅದು ಹೊರಗೆ ಹರಡಿದ ಕುರುಹು ಇರಲಿಲ್ಲ.

ರೋಗ ನಿಯಂತ್ರಣ ಕೇಂದ್ರದ ನಿರ್ದೇಶಕ ಡೇವಿಡ್ ಸೆನ್ಸರ್ ಕೂಡಲೇ ಲಸಿಕೆ ತಯಾರಿಸಿ ದೇಶಕ್ಕೆಲ್ಲ ಹಾಕಬೇಕೆಂದು ಬರೆದರು. ಅವರ ಲೆಕ್ಕ ಹುಚ್ಚಿನದಾಗಿರಲಿಲ್ಲ. ಆಗ ಫ್ಲೂ ಲಸಿಕೆ ಕೋಳಿಮೊಟ್ಟೆಯಲ್ಲಿ ಬೆಳೆಸಬೇಕಾದದ್ದು, ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಮುಂದಿನ ಚಳಿಗಾಲಕ್ಕೆ ಬೇಕೆಂದರೆ ಮಾರ್ಚಿನಲ್ಲೇ ಶುರುವಾಗಬೇಕು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೋಲಿಯೋ ಲಸಿಕೆಯ ಖ್ಯಾತಿಯ ಸಾಲ್ಕ್ ಮತ್ತು ಸೇಬಿನ್ ಇಬ್ಬರನ್ನೂ ಪಕ್ಕದಲ್ಲಿಟ್ಟುಕೊಂಡು, 13.5 ಕೋಟಿ ಡಾಲರ್ ಕೇಳಿ, ದೇಶದ ಪ್ರತಿ ಗಂಡಸು, ಹೆಂಗಸು, ಮಗುವಿಗೂ ಲಸಿಕೆ ಎಂದು ಘೋಷಿಸಿದರು.

ಎಡವಿದ್ದು ಎಲ್ಲಿ ಎಂದರೆ, ಲಸಿಕೆ ತಯಾರಿಸುವುದು, ಅದನ್ನು ಎಲ್ಲರ ತೋಳಿಗೆ ಚುಚ್ಚುವುದು ಎಂಬ ಎರಡು ಬೇರೆ ಬೇರೆ ನಿರ್ಧಾರಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಲ್ಲಿ. ತಯಾರಿಕೆಗೆ ಕಾಯುವಂತಿರಲಿಲ್ಲ, ನಿಜ. ಚುಚ್ಚುವುದಕ್ಕೆ ಅಕ್ಟೋಬರ್‌ವರೆಗೆ ಕಾಲವಿತ್ತು. ನಡುವೆ ಜೂನ್‌ನಿಂದ ಆಗಸ್ಟ್ ದಕ್ಷಿಣ ಗೋಳಾರ್ಧದ ಚಳಿಗಾಲ. ವೈರಸ್ ಹರಡುವುದಿದ್ದರೆ ಅಲ್ಲಿ ತಲೆಯೆತ್ತಬೇಕಿತ್ತು. ಎತ್ತಲಿಲ್ಲ. ಪುಕ್ಕಟೆ ಸಿಕ್ಕ ಆ ಮಾಹಿತಿಯನ್ನು ಬಳಸಿಕೊಳ್ಳಲು ನಿರ್ಧಾರದಲ್ಲಿ ಜಾಗವೇ ಇರಲಿಲ್ಲ. ಸಲಹಾ ಸಮಿತಿಯ ಸದಸ್ಯ ರಸೆಲ್ ಅಲೆಕ್ಸಾಂಡರ್ ಎತ್ತಿದ ಪ್ರಶ್ನೆ ಸರಳವಾಗಿತ್ತು: ಎಲ್ಲರಿಗೂ ಲಸಿಕೆ ಹಾಕುವ ಸಿದ್ಧತೆಯನ್ನು ಬಿಟ್ಟು ದಾಸ್ತಾನು ಇಡುವ ಬಗ್ಗೆ ಯೋಚಿಸುವುದು ಯಾವ ಹಂತದಲ್ಲಿ? ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸೇಬಿನ್ ತಾವೇ ಆಮೇಲೆ ದಾಸ್ತಾನಿನ ಪರ ಮಾತಾಡತೊಡಗಿದರು. ಅಷ್ಟರಲ್ಲಿ ಬಂಡಿ ಇಳಿಜಾರಿನಲ್ಲಿತ್ತು.

‘ಹಬ್ಬುವ ಸಾಧ್ಯತೆ ಇದೆ’ ಎಂದು ವಿಜ್ಞಾನಿಗಳು ಹೇಳಿದ್ದು ಮೇಲಕ್ಕೆ ಹೋಗುತ್ತಾ ಹೋಗುತ್ತಾ ‘ಹಬ್ಬುತ್ತದೆ’ ಎಂಬಂತೆ ಕೇಳಿಸಿತು ಎನ್ನುವುದನ್ನೂ ಇಲ್ಲಿ ಹೇಳಬೇಕು. ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಅಂದಾಜು ಇತ್ತು, ನೂರಕ್ಕೆ ಇಷ್ಟು ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನೂರಕ್ಕೆ ಎರಡು ಎನ್ನುವ ‘ಸಾಧ್ಯತೆ’ಗೂ ನೂರಕ್ಕೆ ಅರವತ್ತು ಎನ್ನುವ ‘ಸಾಧ್ಯತೆ’ಗೂ ಮಾಡಬೇಕಾದ ಕೆಲಸ ಬೇರೆಬೇರೆ. ಭಾಷೆಯಲ್ಲಿ ಮಾತ್ರ ಎರಡೂ ಒಂದೇ ಪದ.

ಅಕ್ಟೋಬರ್ 1ಕ್ಕೆ ಚುಚ್ಚಲು ಶುರು. ಹತ್ತೇ ದಿನಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಲಸಿಕೆ ಹಾಕಿಸಿಕೊಂಡ ಮೂವರು ವೃದ್ಧರು ಸತ್ತ ಸುದ್ದಿ ಬಂತು; ಹಲವು ರಾಜ್ಯಗಳು ಕಾರ್ಯಕ್ರಮ ತಡೆಹಿಡಿದವು. ಲಕ್ಷಾಂತರ ವೃದ್ಧರಿಗೆ ಲಸಿಕೆ ಹಾಕಿದರೆ ಅದೇ ದಿನ ಬೇರೆ ಕಾರಣಕ್ಕೆ ಸಾಯುವವರು ಕೆಲವರು ಇದ್ದೇ ಇರುತ್ತಾರೆ. ಈ ಲೆಕ್ಕವನ್ನು ಜನರಿಗೆ ಮೊದಲೇ ಹೇಳಿರಬೇಕಿತ್ತು, ಹೇಳಿರಲಿಲ್ಲ. ಆಮೇಲೆ ನಿಜವಾದ ತೊಂದರೆಯೇ ಕಾಣಿಸಿತು: ಕೈಕಾಲಿನ ಬಲ ಹೋಗುವ ಗಿಯಾನ್-ಬಾರೆ ಎಂಬ ನರದ ಕಾಯಿಲೆ, ಲಸಿಕೆ ಪಡೆದ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ. ಡಿಸೆಂಬರ್ 16ಕ್ಕೆ ಎಲ್ಲ ನಿಂತಿತು. ಅಷ್ಟರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನಕ್ಕೆ ಲಸಿಕೆ ಆಗಿತ್ತು. ಮಹಾಮಾರಿ ಬರಲೇ ಇಲ್ಲ. ಬಂದಿದ್ದರೆ ಲಕ್ಷಕ್ಕೊಂದರ ಅಪಾಯ ಗಣನೆಗೂ ಬರುತ್ತಿರಲಿಲ್ಲ, ಸೆನ್ಸರ್ ಮಹಾತ್ಮರಾಗುತ್ತಿದ್ದರು. ಬರದ್ದರಿಂದ ಕೆಲಸ ಕಳೆದುಕೊಂಡರು. ಇದು ನ್ಯಾಯವೆಂದು ನನಗನಿಸುವುದಿಲ್ಲ. ತಯಾರಾಗಿ ಎಂದು ಅವರು ಹೇಳಿದ್ದು ಸರಿ. ಹಿಂದೆ ಸರಿಯುವ ದಾರಿಯನ್ನು ನಿರ್ಧಾರದಲ್ಲೇ ಇಟ್ಟುಕೊಳ್ಳದೆ ಇದ್ದದ್ದು ತಪ್ಪು.

ಇನ್ನು ಇದಕ್ಕೆ ವಿರುದ್ಧವಾದ ಅಪಾಯ, ಅಂದರೆ ತಡ. ಸೋಂಕು ತಗುಲಿ ಲಕ್ಷಣ ಕಾಣಲು ಐದು ದಿನ, ಆಸ್ಪತ್ರೆಗೆ ಹೋಗಿ ಪರೀಕ್ಷೆಯಾಗಿ ವರದಿ ಬರಲು ಇನ್ನೊಂದು ವಾರ ಎಂದಿಟ್ಟುಕೊಳ್ಳಿ. ಒಟ್ಟು 12 ದಿನ. ಸೋಂಕು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದರೆ 12 ದಿನದಲ್ಲಿ ನಾಲ್ಕು ಸಲ ದುಪ್ಪಟ್ಟು: ಎರಡು, ನಾಲ್ಕು, ಎಂಟು, ಹದಿನಾರು. ಇವತ್ತಿನ ಪಟ್ಟಿಯಲ್ಲಿ 100 ಜನ ಕಂಡರೆ ಊರಲ್ಲಿ ಆಗಲೇ 1,600 ಜನರಿಗೆ ತಗುಲಿದೆ. ಕೈಯಲ್ಲಿರುವ ಸಂಖ್ಯೆ ಯಾವಾಗಲೂ ಹಳೆಯ ಸುದ್ದಿ.

ಕಲಬುರಗಿಯಲ್ಲಿ ಆದದ್ದನ್ನೇ ನೆನಪಿಸಿಕೊಳ್ಳಿ. 2020ರ ಫೆಬ್ರವರಿ 29ಕ್ಕೆ ಸೌದಿಯಿಂದ ಮರಳಿದ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೊರೊನಾ ಇತ್ತು ಎಂದು ಖಚಿತವಾದದ್ದು 12ರಂದು. ದೇಶದ ಮೊದಲ ಕೊರೊನಾ ಸಾವು ಸಾವಾಗಿ ಎಣಿಕೆಗೆ ಬರುವಾಗ ಎರಡು ದಿನ ಕಳೆದಿತ್ತು. ಮರುದಿನವೇ ರಾಜ್ಯ ಸರ್ಕಾರ ಮಾಲು, ಸಿನಿಮಾ ಮಂದಿರಗಳನ್ನು ಒಂದು ವಾರ ಮುಚ್ಚುವುದಾಗಿ ಘೋಷಿಸಿತು. ರಾಜ್ಯದಲ್ಲಿ ಆಗ ಖಚಿತವಾಗಿದ್ದ ಪ್ರಕರಣಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಅತಿಯಾಯಿತು ಎಂದವರೂ ಇದ್ದರು. ‘ಒಂದು ವಾರ’ ಎಂಬ ಮಾತು ನನಗೆ ಆ ಆದೇಶದಲ್ಲಿ ಹಿಡಿಸಿದ್ದು. ವಾರ ಕಳೆದ ಮೇಲೆ ಮತ್ತೆ ನೋಡುತ್ತೇವೆ ಎಂಬುದು ಅದರಲ್ಲಿ ತಾನಾಗಿಯೇ ಸೇರಿತ್ತು.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಬಂದ ದೇಶವ್ಯಾಪಿ ಲಾಕ್‌ಡೌನ್ ಘೋಷಣೆ ಬೇರೆ ತರಹದ್ದು. ನಾಲ್ಕು ಗಂಟೆಯಲ್ಲಿ ದೇಶ ನಿಂತಿತು. ವೈರಸ್ ಎಷ್ಟು ವೇಗವಾಗಿ ಹರಡುತ್ತದೆ, ಎಷ್ಟು ಜನರನ್ನು ಕೊಲ್ಲುತ್ತದೆ ಎಂಬುದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಕತ್ತಲಲ್ಲಿ ಲಾಕ್‌ಡೌನ್ ಮಾಡಿದ್ದನ್ನು ನಾನು ದೂರುವುದಿಲ್ಲ. ಆದರೆ ಗೊತ್ತಿಲ್ಲದ್ದರ ಹೆಸರಿನಲ್ಲಿ ಗೊತ್ತಿದ್ದದ್ದನ್ನೂ ಮರೆಯುವುದಿದೆಯಲ್ಲ, ಅದನ್ನು ಒಪ್ಪಲಾಗದು. ದಿನಗೂಲಿಯವನ ಮನೆಯಲ್ಲಿ ನಾಲ್ಕನೇ ದಿನಕ್ಕೆ ಅಕ್ಕಿ ಇರುವುದಿಲ್ಲ ಎಂಬುದು ವಿಜ್ಞಾನಿಗಳು ಕಂಡುಹಿಡಿಯಬೇಕಾದ ಸಂಗತಿಯಾಗಿರಲಿಲ್ಲ. ಬಸ್ಸು ರೈಲು ನಿಂತರೆ ಲಕ್ಷಾಂತರ ಜನ ನಡೆದೇ ಹೊರಡುತ್ತಾರೆ ಎಂಬುದನ್ನು ಯಾವ ಕಟ್ಟಡದ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೇ ಬಿಲ್ಡರ್‌ಗಳ ಜೊತೆ ಸಭೆ ನಡೆಸಿ, ಊರಿಗೆ ಹೊರಟ ಕಾರ್ಮಿಕರ ರೈಲುಗಳನ್ನು ರದ್ದು ಮಾಡಿಸಿ, ಟೀಕೆ ಬಂದ ಮೇಲೆ ಒಂದೆರಡು ದಿನದಲ್ಲಿ ಹಿಂದೆ ತೆಗೆದುಕೊಂಡಿತು. ಅಲ್ಲಿಯೂ ವೈರಸ್ಸಿನ ಬಗೆಗಿನ ಅನಿಶ್ಚಿತತೆಗೆ ಏನೂ ಪಾತ್ರವಿರಲಿಲ್ಲ. ಯಾವುದು ನಿಜಕ್ಕೂ ಗೊತ್ತಿಲ್ಲ, ಯಾವುದು ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಎರಡು ಪಟ್ಟಿ ಮಾಡಿದರೆ ಇಂಥ ಎಷ್ಟೋ ನೋವು ತಪ್ಪುತ್ತದೆ.

ಇವೆರಡರ ನಡುವಿನ ಒಂದು ಪ್ರಕರಣ ನಮ್ಮೆಲ್ಲರ ತೋಳಿನ ಮೇಲೇ ಆದದ್ದು. 2021ರ ಜನವರಿಯಲ್ಲಿ ಕೋವಿಶೀಲ್ಡ್ ಶುರುವಾದಾಗ ಎರಡು ಡೋಸಿನ ನಡುವೆ 4ರಿಂದ 6 ವಾರ ಅಂತರ. ಮಾರ್ಚ್‌ನಲ್ಲಿ ಅದು 6ರಿಂದ 8 ವಾರವಾಯಿತು. ಮೇ 13ಕ್ಕೆ 12ರಿಂದ 16 ವಾರ. ದಿನಾಂಕ ನೋಡಿಕೊಂಡು ಸಾಲಿನಲ್ಲಿ ನಿಂತವರನ್ನು ವಾಪಸ್ ಕಳಿಸಿದರು. ‘ಲಸಿಕೆ ಇಲ್ಲ, ಅದಕ್ಕೇ ಹೀಗೆ’ ಎಂದು ಜನ ಆಡಿಕೊಂಡರು. ಸರ್ಕಾರ ‘ಇದು ವೈಜ್ಞಾನಿಕ ನಿರ್ಧಾರ’ ಎಂದಿತು.

ವಿಜ್ಞಾನ ಇತ್ತು. ಕೋವಿಶೀಲ್ಡ್ ಎಂದರೆ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಲಸಿಕೆ. ಆಕ್ಸ್‌ಫರ್ಡ್ ಪ್ರಯೋಗದಲ್ಲಿ ಎರಡನೇ ಡೋಸು ಎಲ್ಲರಿಗೂ ಒಂದೇ ಅಂತರದಲ್ಲಿ ಸಿಕ್ಕಿರಲಿಲ್ಲ. ಫಲಿತಾಂಶ ಬಿಡಿಸಿ ನೋಡಿದಾಗ 6 ವಾರದೊಳಗೆ ಪಡೆದವರಲ್ಲಿ ರಕ್ಷಣೆ ಸುಮಾರು 55 ಪ್ರತಿಶತ, 12 ವಾರ ದಾಟಿ ಪಡೆದವರಲ್ಲಿ 81 ಪ್ರತಿಶತ ಕಂಡಿತು. ಬ್ರಿಟನ್ ಇದರ ಸುಳಿವು ಹಿಡಿದು 2020ರ ಡಿಸೆಂಬರ್ ಕೊನೆಗೇ 12 ವಾರಕ್ಕೆ ಹೋಗಿತ್ತು: ಇರುವ ಲಸಿಕೆಯಲ್ಲಿ ಹೆಚ್ಚು ಜನಕ್ಕೆ ಮೊದಲ ಡೋಸಾದರೂ ಸಿಗಲಿ ಎಂದು. ಆದರೆ ಭಾರತ ಅಂತರ ಹೆಚ್ಚಿಸಿದ ಮರುದಿನ, ಮೇ 14ರಂದು, ಅದೇ ಬ್ರಿಟನ್ 50 ದಾಟಿದವರಿಗೆ 12 ವಾರವನ್ನು 8ಕ್ಕೆ ಇಳಿಸಿತು. ಕಾರಣ ವೈರಸ್ಸಿನ ಹೊಸ ರೂಪಾಂತರಿ ಡೆಲ್ಟಾ. ಒಂದೇ ಡೋಸು ಅದರ ಮುಂದೆ ನಿಲ್ಲುವುದು ಕಷ್ಟ ಎಂಬ ಶಂಕೆ.

ಒಂದೇ ಲಸಿಕೆ, ಒಂದೇ ವೈರಸ್, ಒಂದೇ ವಾರ, ಎರಡು ವಿರುದ್ಧ ನಿರ್ಧಾರ. ಯಾರೋ ಒಬ್ಬರು ಮೂರ್ಖರಿರಬೇಕು ಎಂದು ಅನಿಸುವುದು ಸಹಜ. ಹಾಗಿರಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಹಿರಿಯರ ಪೈಕಿ ಹೆಚ್ಚಿನವರಿಗೆ ಒಂದು ಡೋಸು ಆಗಿಹೋಗಿತ್ತು, ಉಳಿದದ್ದು ಎರಡನೆಯದೇ. ನಮ್ಮಲ್ಲಿ ಕೋಟಿಗಟ್ಟಲೆ ಜನ ಒಂದೂ ಇಲ್ಲದೆ ಕಾಯುತ್ತಿದ್ದರು. ಇಬ್ಬರಿಗೆ ಒಂದೊಂದು ಕೊಡುವುದೋ, ಒಬ್ಬರಿಗೆ ಎರಡು ಕೊಡುವುದೋ ಎಂಬ ಪ್ರಶ್ನೆಗೆ ಉತ್ತರ ಮನೆಯಲ್ಲಿ ಎಷ್ಟಿದೆ, ಪಂಕ್ತಿಯಲ್ಲಿ ಎಷ್ಟು ಜನ ಕುಳಿತಿದ್ದಾರೆ ಎನ್ನುವುದರ ಮೇಲೆ ನಿಲ್ಲುತ್ತದೆ. ‘ಲಸಿಕೆ ಸಾಲದು, ಹಾಗಾಗಿ ಸದ್ಯ ಹೆಚ್ಚು ಜನಕ್ಕೆ ಒಂದೊಂದು ಕೊಡುತ್ತೇವೆ, ಅಂತರ ಹೆಚ್ಚಾದರೆ ನಷ್ಟವಿಲ್ಲವೆಂದು ಈ ಮಾಹಿತಿ ಹೇಳುತ್ತದೆ, ಡೆಲ್ಟಾದ ಬಗ್ಗೆ ಇನ್ನೂ ಗೊತ್ತಾಗಬೇಕು, ಗೊತ್ತಾದಾಗ ಬದಲಿಸುತ್ತೇವೆ’ ಎಂದು ನಾಲ್ಕು ಮಾತು ಬಿಚ್ಚಿ ಹೇಳಿದ್ದರೆ ಜನ ನಂಬುತ್ತಿದ್ದರು ಎಂದೇ ನನ್ನ ನಂಬಿಕೆ. ಜೂನ್‌ನಲ್ಲಿ ಓದಲು, ಕೆಲಸಕ್ಕೆ ವಿದೇಶಕ್ಕೆ ಹೊರಟವರಿಗೆ ಮಾತ್ರ 28 ದಿನಕ್ಕೇ ಕೊಡಬಹುದು ಎಂದಾಗ ಅನುಮಾನ ಇನ್ನೂ ಗಟ್ಟಿಯಾಯಿತು.

ಸಲಹೆ ಬದಲಾಗುವುದು ಕೆಟ್ಟದ್ದಲ್ಲ. ಎಲ್ಲರೂ ಮಾಸ್ಕ್ ಹಾಕಬೇಕೇ ಎಂಬುದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಜೂನ್‌ನಲ್ಲಿ ನಿಲುವು ಬದಲಿಸಿತು. ಮೊದಲ ದಿನ ಹೇಳುವಾಗ ದನಿಯಲ್ಲಿ ಅತಿಯಾದ ಖಚಿತತೆ ಇದ್ದರೆ ಮಾತ್ರ ಬದಲಾದ ದಿನ ಅದು ಸುಳ್ಳಿನಂತೆ ಕಾಣುತ್ತದೆ.

ಈಗ ಮತ್ತೆ ಮಲೆನಾಡಿಗೆ. ಮಂಗನ ಕಾಯಿಲೆಯ ನಿಯಮದಲ್ಲಿ ಪುಡಿ ಹೊಡೆಯುವುದರ ಜೊತೆ ಇನ್ನೊಂದು ಭಾಗ ಇತ್ತು: ಕಾಯಿಲೆ ಕಂಡ ಜಾಗದ ಸುತ್ತ 5 ಕಿಲೋಮೀಟರ್ ಒಳಗಿನವರಿಗೆ ಲಸಿಕೆ. 1990ರಿಂದ ಕೊಡುತ್ತಾ ಬಂದ ಲಸಿಕೆ ಅದು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ವರ್ಷವರ್ಷವೂ ಒಂದು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ದಿನದ ಕೂಲಿ ಬಿಟ್ಟು, ನೋವು ತಿಂದು, ಮತ್ತೆ ಮತ್ತೆ ಬಾ ಎಂದರೆ ಬರುವವರು ಎಷ್ಟು ಜನ? ಮೊದಲ ಡೋಸಿಗೆ ಬಂದವರು ಬೂಸ್ಟರ್‌ಗೆ ಬರುತ್ತಿರಲಿಲ್ಲ.

ಶುರುವಿನ ಪರೀಕ್ಷೆಯಲ್ಲಿ ಎರಡು ಡೋಸು 93.5 ಪ್ರತಿಶತ ರಕ್ಷಣೆ ಕೊಡುತ್ತದೆ ಎಂದು ಕಂಡಿತ್ತು. 2005ರಿಂದ 2010ರವರೆಗಿನ ಅಂಕಿಗಳನ್ನಿಟ್ಟು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 62.4ಕ್ಕೆ ಇಳಿದಿತ್ತು, ಬೂಸ್ಟರ್ ಕೂಡ ಪಡೆದವರಲ್ಲಿ 82.9. ಇಷ್ಟು ದೊಡ್ಡ ಇಳಿತ ಕಂಡಾಗ ಯಾಕೆ ಎಂದು ಬೆನ್ನುಹತ್ತಬೇಕಿತ್ತು. ಆ ಹೊತ್ತಿಗೇ ಕಾಯಿಲೆ ತನ್ನ ಹಳೆಯ ಗಡಿ ಮೀರಿ ಬಂಡೀಪುರ, ವಯನಾಡು, ಆಮೇಲೆ ಗೋವಾ, ಸಿಂಧುದುರ್ಗದವರೆಗೆ ಹೋಗಿತ್ತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿಗೆ ಬಂದು ಮನೆಮನೆಯಲ್ಲಿ ಸೂತಕ ತಂದಿತು. ಲಸಿಕೆ ನಿಲ್ಲಿಸಿದ್ದು 2022ರಲ್ಲಿ, ಅದಕ್ಕೆ ಬೇಕಾದ ಶಕ್ತಿ ಇಲ್ಲವೆಂದು.

ಇಲ್ಲಿ ಕೊರತೆ ಇದ್ದದ್ದು ಮಾಹಿತಿಯದ್ದಲ್ಲ. ಅಮೆರಿಕದ ಹಂದಿಜ್ವರದ ಲಸಿಕೆಯಲ್ಲಿ ನಿಲ್ಲಿಸಲು ಸಿದ್ಧತೆ ಇರಲಿಲ್ಲ. ಇಲ್ಲಿ ಮರುಪರೀಕ್ಷೆಗೆ ದಿನವೇ ಗೊತ್ತುಮಾಡಿರಲಿಲ್ಲ. ತಪ್ಪು ಒಂದೇ. ಅಲ್ಲಿ ಹತ್ತು ವಾರದಲ್ಲಿ ಬಯಲಾಯಿತು, ಇಲ್ಲಿ ವರ್ಷಗಳೇ ಹಿಡಿದವು, ಏಕೆಂದರೆ ಸಾಯುವವರು ವರ್ಷಕ್ಕೆ ಕೆಲವರು, ಅವರೂ ಕಾಡಿನ ಅಂಚಿನ ಬಡವರು. 93ರ ಭರವಸೆಯಲ್ಲಿ ಕಾಡಿಗೆ ಹೋದವರಿಗೆ 62 ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವರು ಮೈತುಂಬ ಬಟ್ಟೆ ಹಾಕಿಕೊಳ್ಳುತ್ತಿದ್ದರು, ಎಣ್ಣೆ ಹಚ್ಚಿಕೊಳ್ಳುತ್ತಿದ್ದರು, ಮನೆಗೆ ಬಂದಕೂಡಲೇ ಬಿಸಿನೀರು ಮೀಯುತ್ತಿದ್ದರು. ತಮ್ಮ ಜೀವದ ಬಗ್ಗೆ ತಾವೇ ಒಂದು ನಿರ್ಧಾರ ತೆಗೆದುಕೊಳ್ಳುತ್ತಿದ್ದರು.

ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬರುವವರೆಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಮೆಲಾಥಿಯಾನ್, ಮಂಗ ಸತ್ತ ಸುದ್ದಿ ಮುಟ್ಟಿಸುವ ಆಶಾ ಕಾರ್ಯಕರ್ತೆಯ ಫೋನು, ಇಷ್ಟೇ ಇರುವುದು. ಲಸಿಕೆ ಬಂದ ದಿನ ಅರಳಗೋಡಿನ ಶಾಲೆಯ ಜಗುಲಿಯಲ್ಲೋ ಸೊರಬದ ಯಾವುದಾದರೂ ಅಂಗನವಾಡಿಯಲ್ಲೋ ಮೊದಲ ಡೋಸಿಗೆ ಜನ ಸಾಲುನಿಂತಾಗ, ತೋಳು ಚಾಚುವ ಮೊದಲು ಯಾರಾದರೂ ಒಬ್ಬರು ಕೇಳಲಿ: ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಎಷ್ಟನೇ ವರ್ಷ ಅಳೆಯುತ್ತೀರಿ, ಅಳೆಯುವವರು ಯಾರು, ಎಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತೀರಿ, ನಿಲ್ಲಿಸಿದರೆ ಅದನ್ನು ನಮಗೆ ಬಂದು ಹೇಳುವವರು ಯಾರು?